ಅಜ್ಜನ ಮನೆಯ ತೊಟ್ಟಿ ಮೀನು

ಒಂದು ವಿಷಯ ಮೊದಲೇ ಒಪ್ಪಿಕೊಂಡುಬಿಡ್ತೀನಿ. ನಾನು ಶಿಕಾರಿಪುರದ ಹತ್ತಿರದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವವಳು. ಜೀವಿಗಳು ಪರಿಸರಕ್ಕೆ ಹೊಂದಿಕೊಳ್ಳುವುದರ ಬಗ್ಗೆ ಹೇಳುವಾಗ ಪ್ರತಿ ವರ್ಷ ಒಂಬತ್ತನೇ ಕ್ಲಾಸಿನ ಮಕ್ಕಳಿಗೆ ಒಂದು ಉದಾಹರಣೆ ಕೊಡ್ತಿದ್ದೆ. "ಗೋಲ್ಡ್ ಫಿಶ್ ನೋಡಿ ಮಕ್ಕಳೇ, ಎಷ್ಟು ಜಾಣ ಮೀನು! ಸಣ್ಣ ಬೌಲಿನಲ್ಲಿಟ್ಟರೆ ಸಣ್ಣದಾಗೇ ಉಳಿಯುತ್ತೆ. ದೊಡ್ಡ ತೊಟ್ಟಿಗೆ ಬಿಟ್ಟರೆ ದೊಡ್ಡದಾಗುತ್ತೆ. ಇರುವ ಜಾಗ ನೋಡಿಕೊಂಡು ಅಷ್ಟೇ ಬೆಳೆಯುತ್ತೆ." ಮಕ್ಕಳು ತಲೆ ಆಡಿಸ್ತಿದ್ದರು. ಪುಸ್ತಕದಲ್ಲಿ ಇಲ್ಲದ್ದನ್ನೂ ಹೇಳಿಕೊಡ್ತೀನಿ ಅಂತ ನನಗೂ ಒಳಗೊಳಗೇ ಖುಷಿ. ಅದನ್ನು ಎಲ್ಲಿ ಓದಿದ್ದೆ, ಯಾರು ಹೇಳಿದ್ದು ಅಂತ ಕೇಳಿದರೆ ಇವತ್ತಿಗೂ ನೆನಪಿಲ್ಲ. ಹನ್ನೊಂದು ವರ್ಷ ಹೇಳಿದ್ದೇನೆ ಅನ್ನುವುದು ಮಾತ್ರ ಸರಿಯಾಗಿ ನೆನಪಿದೆ..

2022ರ ದಸರಾ ರಜೆಯಲ್ಲಿ ಮಗಳು ಹಟ ಹಿಡಿದಳು. ಅವಳಿಗಾಗ ಆರು ವರ್ಷ. ಶಿವಮೊಗ್ಗಕ್ಕೆ ಬಟ್ಟೆ ತರಲು ಹೋದವರು ಮೂರು ಗೋಲ್ಡ್ ಫಿಶ್, ಒಂದು ದುಂಡನೆ ಗಾಜಿನ ಬೌಲು, ಒಂದು ಡಬ್ಬಿ ಆಹಾರ, ಬೌಲಿನ ತಳಕ್ಕೆ ಹಾಕಲು ಒಂದು ಹಿಡಿ ನೀಲಿ ಕಲ್ಲು ತಂದೆವು. ಬಟ್ಟೆ ಮರೆತೇ ಹೋಯಿತು :) "ಇಷ್ಟು ಸಣ್ಣ ಬೌಲು ಸಾಕಾ?" ಅಂತ ನಮ್ಮ ಮನೆಯವರು ಅಂಗಡಿಯವನನ್ನು ಕೇಳಿದ್ದೂ ಹೌದು. "ಏನೂ ತೊಂದ್ರೆ ಇಲ್ಲ ಸಾರ್, ಬೌಲ್ ಎಷ್ಟಿರುತ್ತೋ ಮೀನೂ ಅಷ್ಟೇ ಇರುತ್ತೆ" ಅಂದ. ನಾನು ಪಕ್ಕದಲ್ಲಿ ನಿಂತು "ಹೌದು ಹೌದು" ಅಂದೆ. ನನ್ನ ಪಾಠವನ್ನೇ ನನಗೆ ಒಪ್ಪಿಸ್ತಿದ್ದಾನಲ್ಲ! ಸವಳಂಗದ ದಾರಿಯುದ್ದಕ್ಕೂ ಮಗಳು ಪ್ಲಾಸ್ಟಿಕ್ ಚೀಲವನ್ನು ತೊಡೆ ಮೇಲಿಟ್ಟುಕೊಂಡು ಕೂತಿದ್ದಳು. ಶಿಕಾರಿಪುರ ಬಸ್‌ಸ್ಟ್ಯಾಂಡಿನಲ್ಲಿ ಇಳಿಯುವಷ್ಟರಲ್ಲಿ ಹೆಸರೂ ಇಟ್ಟಾಗಿತ್ತು. ಚಿನ್ನು, ಮುನ್ನು, ಟೊಮೆಟೊ.

ಎರಡು ದಿನ ಬಿಟ್ಟು ಸೊರಬದ ಹತ್ತಿರದ ನನ್ನ ತವರಿಗೆ ಹೊರಟೆವು. ಮೀನು ಬಿಟ್ಟು ಬರಲ್ಲ ಅಂತ ಇವಳು. ಕೊನೆಗೆ ಅಜ್ಜನಿಗೆ ತೋರಿಸಲು ಒಂದನ್ನು ಮಾತ್ರ ಒಯ್ಯುವುದು ಅಂತ ಒಪ್ಪಂದ ಆಗಿ, ಮುನ್ನು ಹಾರ್ಲಿಕ್ಸ್ ಬಾಟಲಿಯಲ್ಲಿ ಕೂತು ಹೊರಟಿತು. ಈ ದಾರಿ ನೋಡಿದವರಿಗೆ ಗೊತ್ತು, ಕಿಟಕಿಯಿಂದ ನೋಡ್ತಾ ಕೂತರೆ ಒಂದು ಕೆರೆ ಮುಗಿಯುವಷ್ಟರಲ್ಲಿ ಇನ್ನೊಂದು ಬರುತ್ತೆ. ಊರಲ್ಲೇ ಹುಚ್ಚರಾಯನ ಕೆರೆ. ಶಿರಾಳಕೊಪ್ಪದ ಹತ್ತಿರ ಬಂದರೆ ಪಕ್ಕದಲ್ಲೇ ತಾಳಗುಂದ. ಅಲ್ಲಿನ ಐದನೇ ಶತಮಾನದ ಕಂಬದ ಶಾಸನದಲ್ಲಿ ಕದಂಬರ ಕಾಕುಸ್ಥವರ್ಮ ದೇವಸ್ಥಾನದ ಹತ್ತಿರ ಒಂದು ದೊಡ್ಡ ಕೆರೆ ಕಟ್ಟಿಸಿದ ಅಂತ ಕುಬ್ಜ ಕವಿ ಬರೆದಿದ್ದಾನೆ. ಆಮೇಲೆ ಸೊರಬದ ಸೀಮೆ, ಅಲ್ಲಂತೂ ಕೆರೆಗಳಿಗೆ ಲೆಕ್ಕವೇ ಇಲ್ಲ. ಇಂಥಾ ದಾರಿಯಲ್ಲಿ ನಾವು ಅರ್ಧ ಲೀಟರ್ ನೀರಿನಲ್ಲಿ ಒಂದು ಮೀನು ಹಿಡಿದುಕೊಂಡು ಹೋಗ್ತಿದ್ದೆವು.

ಅಪ್ಪ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದರು. "ಎಂತಾ ಮಾರಾಯ್ತಿ ಇದು! ಸಾರಿಗೂ ಆಗಲ್ಲ, ಗಾಳಕ್ಕೂ ಆಗಲ್ಲ."

ಅಪ್ಪ ಕೆರೆ ಮೀನಿನ ಮನುಷ್ಯ. ಬಣ್ಣದ ಮೀನನ್ನು ದುಡ್ಡು ಕೊಟ್ಟು ತಂದದ್ದು ಅವರ ಲೆಕ್ಕದಲ್ಲಿ ಮಗಳನ್ನು ಓದಿಸಿದ್ದಕ್ಕೇ ಅವಮಾನ. ಆದರೆ ಅದೇ ವಾರ ಆಶಾ ಕಾರ್ಯಕರ್ತೆ ಬಂದು ಹಿತ್ತಲ ಸಿಮೆಂಟ್ ತೊಟ್ಟಿಯಲ್ಲಿ ಸೊಳ್ಳೆ ಮರಿ ತೋರಿಸಿ, ತೊಟ್ಟಿ ಖಾಲಿ ಮಾಡಿ, ಇಲ್ಲಾಂದ್ರೆ ಮೀನು ಬಿಡಿ ಅಂತ ಬೈದು ಹೋಗಿದ್ದಳಂತೆ. ಅಪ್ಪ ಬಾಟಲಿ ನೋಡಿದರು, ತೊಟ್ಟಿ ನೋಡಿದರು. "ಇದು ಹುಳ ತಿಂತದನ?" ಅಂದರು. ಮೊಮ್ಮಗಳಿಗೆ ಏನು ಆಸೆ ತೋರಿಸಿದರೋ ಗೊತ್ತಿಲ್ಲ, ವಾಪಸ್ ಬರುವಾಗ ಬಾಟಲಿ ಖಾಲಿ ಇತ್ತು.

ಇನ್ನು ಶಿಕಾರಿಪುರದ ಬಾಡಿಗೆ ಮನೆಯ ಕಥೆ. ಟಿವಿ ಪಕ್ಕದ ಸ್ಟೂಲಿನ ಮೇಲೆ ಬೌಲು. ನಾಲ್ಕು ಲೀಟರ್ ನೀರು ಹಿಡಿಯುತ್ತೆ, ಆದರೆ ಚಂದ ಕಾಣಲಿ ಅಂತ ನಾವು ಕುತ್ತಿಗೆವರೆಗೂ ತುಂಬಿಸ್ತಿದ್ದೆವು. ವಾರಕ್ಕೊಮ್ಮೆ ಪೂರ್ತಿ ನೀರು ಚೆಲ್ಲಿ, ಕಲ್ಲು ತೊಳೆದು, ನಲ್ಲಿಯಿಂದ ಹೊಸ ನೀರು ಹಿಡಿದು ಮೀನು ಬಿಡುವುದು. ಬಹಳ ಸ್ವಚ್ಛವಾಗಿ ಇಟ್ಟಿದ್ದೀವಿ ಅಂತ ನಮ್ಮ ಭಾವನೆ. ಮೂರನೇ ತಿಂಗಳಿಗೆ ಟೊಮೆಟೊ ಸತ್ತುಹೋಯಿತು. ಹಿಂದಿನ ದಿನ ಮೇಲಕ್ಕೆ ಬಂದು ಬಾಯಿ ಬಿಡ್ತಿತ್ತು. "ಅಮ್ಮ, ಅದು ಮಾತಾಡ್ತಿದೆ ನೋಡು" ಅಂದಿದ್ದಳು ಮಗಳು. ನಾನೂ ನೋಡಿ ನಕ್ಕಿದ್ದೆ. ದಾಸವಾಳದ ಗಿಡದ ಬುಡದಲ್ಲಿ ಹೂತೆವು. ಮೀನು ಅಂದ್ಮೇಲೆ ಸಾಯತ್ತೆ ಬಿಡು ಅಂತ ಸಮಾಧಾನ ಮಾಡಿದೆ. ಇದನ್ನು ಬರೆಯುವಾಗ ಈಗಲೂ ಕೈ ಸ್ವಲ್ಪ ನಿಲ್ಲುತ್ತೆ..

ಚಿನ್ನು ಉಳಿಯಿತು. ನಮ್ಮ ಕಣ್ಣಿಗೆ ಅದು ಬೆಳೀತಾನೂ ಇತ್ತು. ಬಂದವರಿಗೆಲ್ಲ "ತಂದಾಗ ಎಷ್ಟು ಸಣ್ಣದಿತ್ತು ಗೊತ್ತಾ" ಅಂತ ತೋರಿಸ್ತಿದ್ದೆವು. ಇಲ್ಲೊಂದು ತಮಾಷೆ ಇದೆ. ನೀರು ತುಂಬಿದ ದುಂಡನೆ ಗಾಜು ಅಂದರೆ ಒಂದು ಭೂತಗನ್ನಡಿ. ಪೀನ ಮಸೂರದ ಪಾಠವನ್ನೂ ಅದೇ ಕ್ಲಾಸಿಗೆ ಅದೇ ನಾನೇ ಮಾಡುವವಳು! ಮೀನು ಗಾಜಿನ ಹತ್ತಿರ ಬಂದರೆ ಒಂದು ಸೈಜು, ಹಿಂದಕ್ಕೆ ಹೋದರೆ ಇನ್ನೊಂದು ಸೈಜು. ದಿನಾ ನೋಡುವ ನಮಗೆ ದೊಡ್ಡದೇ ಕಂಡಿತು. ಸ್ಕೇಲು ಹಿಡಿದು ನೋಡಬೇಕು ಅಂತ ಒಂದು ದಿನವೂ ಅನ್ನಿಸಲಿಲ್ಲ.

2024ರ ಬೇಸಿಗೆ ರಜೆ. 2023ರಲ್ಲಿ ಮಳೆ ಕೈಕೊಟ್ಟಿತ್ತಲ್ಲ, ಕೆರೆಗಳೆಲ್ಲ ತಳ ಕಂಡಿದ್ದವು. 'ಕೆರೆಬೇಟೆ' ಸಿನಿಮಾ ಬಂದು ನಮ್ಮ ಕಡೆಯ ಹೆಸರು ಥಿಯೇಟರಿನಲ್ಲಿ ಓಡಿದ ವರ್ಷವೂ ಅದೇ. ನಮ್ಮೂರಲ್ಲೂ ಕೆರೆಬೇಟೆ ಗೊತ್ತು ಮಾಡಿದ್ದರು ಅಂತ ಹೊರಟೆವು. ಮನೆ ಮುಟ್ಟಿದ್ದೇ ಮಗಳು ಹಿತ್ತಲಿಗೆ ಓಡಿದಳು. ಓಡಿದವಳು ಅಲ್ಲಿಂದಲೇ ಕೂಗಿದಳು. "ಅಮ್ಮಾ, ಅಜ್ಜ ಮುನ್ನೂನ ಬದಲಾಯಿಸಿಬಿಟ್ಟಿದಾರೆ!"

ತೊಟ್ಟಿಯಲ್ಲಿ ಒಂದು ಗೇಣಿನಷ್ಟು ಕೆಂಪು ಮೀನು. ಬೆನ್ನು ದಪ್ಪ, ಬಾಲ ಸೆರಗಿನ ಹಾಗೆ. ನೆರಳು ಬಿದ್ದ ಕೂಡಲೇ ಪಾಚಿಯೊಳಗೆ ಮುಳುಗಿತು. ನಾನೂ ನಂಬಲಿಲ್ಲ. ಅಪ್ಪನನ್ನು ಕೇಳಿದರೆ, "ನಾನೆಲ್ಲಿ ತರಲಿ ಇನ್ನೊಂದು? ನೀವೇ ಬಿಟ್ಟು ಹೋಗಿದ್ದು" ಅಂದರು. ಬಾಲದ ಬುಡದಲ್ಲಿ ಬಿಳಿ ಮಚ್ಚೆ ಇತ್ತು. ಮುನ್ನುವೇ. ಜಾಲರಿಯಲ್ಲಿ ಎತ್ತಿ ಸ್ಕೇಲಿನ ಪಕ್ಕ ಹಿಡಿದೆವು, ಮೂತಿಯಿಂದ ಬಾಲದ ತುದಿವರೆಗೆ 17 ಸೆಂಟಿಮೀಟರ್. ಶಿಕಾರಿಪುರಕ್ಕೆ ಬಂದು ಚಿನ್ನುವನ್ನು ಬೌಲಿನಿಂದ ತೆಗೆದು ಚಪ್ಪಟೆ ಡಬ್ಬಿಗೆ ಹಾಕಿ ಅಳೆದೆ. 6. ಅಂಗಡಿಯಿಂದ ತಂದಾಗ ಮೂರೂ ಹೆಚ್ಚುಕಮ್ಮಿ 4 ಇದ್ದವು.

ಒಂದೇ ಚೀಲದಲ್ಲಿ ಬಂದ ಮೀನುಗಳು! ನನ್ನ ಪಾಠ ಸರಿ ಅಂತ ಸಾಬೀತಾಯ್ತಲ್ಲ ಅಂತ ನೀವು ಅಂದುಕೊಳ್ಳಬಹುದು. ನನಗೂ ಮೊದಲು ಹಾಗೇ ಅನ್ನಿಸಿತ್ತು. ನಾಲ್ಕು ಲೀಟರಿಗೆ ಬೆರಳುದ್ದ, ಆರಡಿ ಉದ್ದ ನಾಲ್ಕಡಿ ಅಗಲ ಮೂರಡಿ ಆಳದ ತೊಟ್ಟಿಗೆ ಗೇಣುದ್ದ. ಇದನ್ನೇ ಅಪ್ಪನಿಗೆ ಕೆರೆಬೇಟೆಯ ದಿನ ಬೆಳಿಗ್ಗೆ ವಿವರಿಸಿದ್ದೆ, ಮೀನು ಜಾಗಕ್ಕೆ ತಕ್ಕ ಹಾಗೆ ಬೆಳೆಯುತ್ತೆ ಅಂತ. ಅಪ್ಪ ಕೂಣಿಯ ಕಟ್ಟು ಬಿಗಿ ಮಾಡ್ತಿದ್ದವರು ಏನೂ ಹೇಳಲಿಲ್ಲ.

ಕೆರೆಬೇಟೆ ನೋಡದವರಿಗೆ ಎರಡು ಮಾತು. ಕೂಣಿ ಅಂದರೆ ಬಿದಿರಿನ ಸೀಳಿನಲ್ಲಿ ಹೆಣೆದ ಬುಟ್ಟಿ, ಎರಡೂ ಕಡೆ ಬಾಯಿ, ಕೆಳಗೆ ಅಗಲ ಮೇಲೆ ಕಿರಿದು. ಬೇಸಿಗೆಯಲ್ಲಿ ನೀರು ಸೊಂಟಕ್ಕಿಳಿದ ಮೇಲೆ ಊರವರು ದಿನ ಗೊತ್ತು ಮಾಡ್ತಾರೆ. ಸುತ್ತಲಿನ ಹಳ್ಳಿಗಳಿಂದ ಜನ ಕೂಣಿ ಹೊತ್ತು ಬರ್ತಾರೆ, ಕೂಣಿಗೆ ಇಷ್ಟು ಅಂತ ದುಡ್ಡು ಕಟ್ಟಬೇಕು. ಸೂಚನೆ ಕೊಟ್ಟ ಕೂಡಲೇ ನೂರಾರು ಜನ ಒಂದೇ ಸಲಕ್ಕೆ ಕೆರೆಗೆ ನುಗ್ಗುವುದು. ಕೆಸರಿಗೆ ಕೂಣಿ ಒತ್ತುವುದು, ಒಳಗೆ ಏನೋ ಬಡಿದ ಸದ್ದಾದರೆ ಮೇಲಿನ ಬಾಯಿಯಿಂದ ಕೈ ಹಾಕಿ ಹಿಡಿಯುವುದು. ಕೈಗೆ ಕಾಟ್ಲಾ ಸಿಗಬಹುದು, ಕೊರವ ಸಿಗಬಹುದು, ಚೇಳುಮೀನು ಸಿಕ್ಕಿದರೆ ದೇವರೇ ಗತಿ. ಅರವತ್ತೆಂಟರ ಅಪ್ಪ ಮಂಡಿ ನೋವು ಮರೆತು ಇಳಿದಿದ್ದರು. ದಡದಲ್ಲಿ ನಾನು, ಮಗಳು, ಕೈಯಲ್ಲಿ ಚೀಲ.

ಮಧ್ಯಾಹ್ನ ಅಪ್ಪ ಕೆಸರಿನ ಮೈಯಲ್ಲೇ ಬಂದು ಚೀಲ ಸುರಿದರು. ಒಂದು ಕಾಟ್ಲಾ, ಎರಡು ಕೊರವ, ಉಳಿದದ್ದೆಲ್ಲ ಜಿಲೇಬಿ. ಆಗ ಬೆಳಿಗ್ಗೆಯ ಮಾತಿಗೆ ಉತ್ತರ ಬಂತು. "ಈ ಕೆರೆ ಎಷ್ಟು ದೊಡ್ಡದು ಹೇಳು? ನಿನ್ನ ಲೆಕ್ಕದಲ್ಲಿ ಇದ್ರಾಗಿನ ಜಿಲೇಬಿ ಕರು ಅಷ್ಟು ದೊಡ್ಡದಾಗಿರಬೇಕಿತ್ತು. ನೋಡು, ಅಂಗೈ ದಾಟಿಲ್ಲ ಒಂದೂ."

ನನಗೆ ಮಾತು ಹೊರಡಲಿಲ್ಲ.

"ಜಾಗ ಅಲ್ಲ ಕಣೆ, ಪಾಲು. ಒಂದೊಂದು ಮೀನಿಗೆ ನೀರು ಎಷ್ಟು ಪಾಲು ಬಂತು, ಮೇವು ಎಷ್ಟು ಪಾಲು ಬಂತು ಅನ್ನೋದು. ಜಿಲೇಬಿ ಮರಿ ಹಾಕಿ ಹಾಕಿ ತುಂಬಿಸಿಬಿಡ್ತದೆ, ಯಾವುದೂ ಮೇಲೇಳಲ್ಲ. ಮೀನು ಹಿಡಿಯೋ ಟೆಂಡರ್ ತಗೊಂಡವ ಆಸೆಗೆ ಮರಿ ಜಾಸ್ತಿ ಬಿಟ್ರೂ ಅದೇ ಕಥೆ."

ಜಿಲೇಬಿ ಅಂದರೆ ತಿಲಾಪಿಯಾ. ಬೇಗ ಪ್ರಾಯಕ್ಕೆ ಬಂದು, ಸಣ್ಣದಿರುವಾಗಲೇ ಮರಿ ಮಾಡಿ, ಕೆರೆ ತುಂಬ ಕುಳ್ಳ ಮೀನೇ ಆಗುವುದು ಮೀನುಗಾರಿಕೆ ಓದಿದವರಿಗೆಲ್ಲ ಗೊತ್ತಿರುವ ವಿಷಯ. ಗೆಂಡೆ ಮೀನು ಸಾಕುವ ಹೊಂಡಗಳಿಗೆ ಹೆಕ್ಟೇರಿಗೆ ಐದರಿಂದ ಹತ್ತು ಸಾವಿರ ಮರಿ ಅಂತ ಲೆಕ್ಕ ಇಟ್ಟು ಬಿಡುವುದೂ ಇದಕ್ಕೇ. ಅಪ್ಪ ಓದಿದ್ದು ನಾಲ್ಕನೇ ಕ್ಲಾಸು. ನಾನು ಬಿ.ಎಸ್ಸಿ., ಬಿ.ಎಡ್. ಇರಲಿ ಬಿಡಿ.

ವಾಪಸ್ ಬಂದು ರಜೆಯೆಲ್ಲ ಕೂತು ಓದಿದೆ. ಗೋಲ್ಡ್ ಫಿಶ್ ಗೆಂಡೆ ಜಾತಿಗೇ ಸೇರಿದ ಮೀನು, ಕಾಟ್ಲಾ, ರೋಹುಗಳಿಗೆ ದಾಯಾದಿ. ಚೀನಾದಲ್ಲಿ ಸಾವಿರ ವರ್ಷದ ಹಿಂದೆ ಕೊಳಗಳಲ್ಲಿ ಸಾಕುತ್ತಾ ಸಾಕುತ್ತಾ ಬಣ್ಣದ್ದನ್ನು ಆರಿಸಿಕೊಂಡರು. ಸಾದಾ ಜಾತಿಯದ್ದು ಸರಿಯಾಗಿ ಬೆಳೆದರೆ ಒಂದಡಿ ಆಗುತ್ತೆ. ಇಂಗ್ಲೆಂಡಿನಲ್ಲಿ 1956ರಲ್ಲಿ ಜಾತ್ರೆಯ ಆಟದಲ್ಲಿ ಗೆದ್ದ ಒಂದು ಗೋಲ್ಡ್ ಫಿಶ್ 1999ರಲ್ಲಿ ಸತ್ತಾಗ ಅದಕ್ಕೆ 43 ವರ್ಷ, ಗಿನ್ನೆಸ್ ದಾಖಲೆಯಲ್ಲಿದೆ. ನಮ್ಮ ಟೊಮೆಟೊ ಬಾಳಿದ್ದು ಮೂರು ತಿಂಗಳು.

ಮೀನು ಗಾಜು ನೋಡಿ, ಗೋಡೆ ಅಳೆದು, ಇಷ್ಟೇ ಬೆಳೆಯೋಣ ಅಂತ ತೀರ್ಮಾನ ಮಾಡುವುದಿಲ್ಲ. ಅದು ಉಸಿರಾಡುವಾಗ ಕಿವಿರಿನಿಂದ ಅಮೋನಿಯಾ ಬಿಡುತ್ತೆ. ಅದಕ್ಕೆ ನಮ್ಮ ಹಾಗೆ ಹೊಟ್ಟೆಯ ಚೀಲ ಇಲ್ಲ, ತಿಂದದ್ದು ನೇರ ಕರುಳಿಗೆ ಹೋಗಿ ಬೇಗ ಹೊರಗೆ ಬರುತ್ತೆ, ಗಲೀಜೂ ಹೆಚ್ಚು. ಕೆರೆಯಲ್ಲಿ, ಹಳೇ ತೊಟ್ಟಿಯಲ್ಲಿ, ಕಲ್ಲು ಪಾಚಿಗೆ ಅಂಟಿದ ಬ್ಯಾಕ್ಟೀರಿಯಾಗಳು ಅಮೋನಿಯಾವನ್ನು ನೈಟ್ರೈಟ್ ಮಾಡಿ, ಆಮೇಲೆ ನೈಟ್ರೇಟ್ ಮಾಡ್ತವೆ. ನೈಟ್ರೇಟಿನ ವಿಷ ಬಹಳ ಕಡಿಮೆ, ಗಿಡ ಪಾಚಿ ಅದನ್ನು ತಿಂತವೆ. ನಮ್ಮ ಬೌಲಿನಲ್ಲಿ ಏನಿತ್ತು? ವಾರಕ್ಕೊಮ್ಮೆ ನಾನು ಆ ನೀಲಿ ಕಲ್ಲುಗಳನ್ನು ಗಸಗಸ ಉಜ್ಜಿ ತೊಳೆದು ಇದ್ದಬದ್ದ ಬ್ಯಾಕ್ಟೀರಿಯಾವನ್ನೂ ಚರಂಡಿಗೆ ಕಳಿಸ್ತಿದ್ದೆ. ಅದರ ಮೇಲೆ ನಲ್ಲಿ ನೀರಿನ ಕ್ಲೋರಿನ್. ನನ್ನ ಸ್ವಚ್ಛತೆಯೇ ಅದಕ್ಕೆ ಶತ್ರು!

ಒಂದು ಸಣ್ಣ ಲೆಕ್ಕ ಹಾಕಿದೆ. ತೊಟ್ಟಿ 72 ಘನ ಅಡಿ, ಸುಮಾರು ಎರಡು ಸಾವಿರ ಲೀಟರ್. ಅಂದರೆ ಒಂದು ಮೀನು ಒಂದು ದಿನ ಬಿಡುವ ಅಮೋನಿಯಾ ಬೌಲಿನಲ್ಲಿ ತೊಟ್ಟಿಗಿಂತ ಐನೂರು ಪಟ್ಟು ಗಟ್ಟಿ. ಸಾಲದ್ದಕ್ಕೆ ತೊಟ್ಟಿ ನೀರನ್ನು ಅಪ್ಪ ದಿನಾ ದನಕ್ಕೆ, ಅಡಿಕೆ ಗಿಡಕ್ಕೆ ಎತ್ತುತ್ತಾರೆ, ಬಾವಿಯ ಪೈಪಿನಿಂದ ಹೊಸದು ಬೀಳ್ತಾ ಇರುತ್ತೆ. ಇನ್ನು ಗಾಳಿ. ಆಮ್ಲಜನಕ ನೀರಿನ ಮೇಲ್ಮೈಯಿಂದ ಒಳಗೆ ಹೋಗಬೇಕು. ತೊಟ್ಟಿಯ ಮೇಲ್ಮೈ 24 ಚದರ ಅಡಿ. ಕುತ್ತಿಗೆವರೆಗೂ ತುಂಬಿಸಿದ ಬೌಲಿನದ್ದು ನನ್ನ ಅಂಗೈ. ಟೊಮೆಟೊ ಮಾತಾಡ್ತಿರಲಿಲ್ಲ, ಉಸಿರು ಹುಡುಕ್ತಿತ್ತು.

ಹಾಗಾದರೆ ಚಿನ್ನು ಹೇಗೆ ಬದುಕಿತು ಅಂತೀರಾ? ಗೋಲ್ಡ್ ಫಿಶ್ ಬಹಳ ಗಟ್ಟಿ ಪಿಂಡ. ಚಳಿ ದೇಶಗಳಲ್ಲಿ ಕೊಳದ ಮೇಲೆ ಮಂಜುಗಡ್ಡೆ ಕಟ್ಟಿ ಆಮ್ಲಜನಕವೇ ಇಲ್ಲದಾಗ, ಮೈಯಲ್ಲಿ ಕೂಡುವ ಲ್ಯಾಕ್ಟಿಕ್ ಆಮ್ಲವನ್ನು ಆಲ್ಕೊಹಾಲ್ ಮಾಡಿ ಕಿವಿರಿನಿಂದ ಹೊರಗೆ ಹಾಕಿ ತಿಂಗಳುಗಟ್ಟಲೆ ಜೀವ ಹಿಡಿದುಕೊಳ್ಳುತ್ತಂತೆ. ಅದು ಹೇಗೆ ಅಂತ ಆಸ್ಲೋ ಮತ್ತು ಲಿವರ್‌ಪೂಲ್ ವಿಶ್ವವಿದ್ಯಾಲಯಗಳವರು 2017ರಲ್ಲಿ ಬಿಡಿಸಿ ಹೇಳಿದರು. ತನ್ನೊಳಗೇ ಭಟ್ಟಿ ಇಟ್ಟುಕೊಂಡ ಮೀನು :) ಬೇಗ ಸಾಯುವ ಮೀನಾಗಿದ್ದರೆ ಬೌಲಿಗೆ ಹಾಕುವ ರೂಢಿಯೇ ಬರ್ತಿರಲಿಲ್ಲ. ತಡೆದುಕೊಳ್ಳುವುದೇ ಅದಕ್ಕೆ ಮುಳುವಾಯಿತು. ನಾವು ತಡೆದುಕೊಂಡದ್ದನ್ನು ಹೊಂದಿಕೊಂಡಿದೆ ಅಂದುಕೊಂಡೆವು. ನಾನಂತೂ ಹಾಗಂತ ಪಾಠವನ್ನೇ ಮಾಡಿದೆ. (ಮೈ ನಿಂತುಹೋಗಿ ಒಳಗಿನ ಅಂಗಗಳು ಮಾತ್ರ ಬೆಳೆದು ಬೆಳೆದು ಮೀನು ಸಾಯುತ್ತೆ ಅಂತ ಇನ್ನೊಂದು ಮಾತು ಓಡಾಡುತ್ತೆ. ಅದಕ್ಕೂ ಗಟ್ಟಿ ಆಧಾರ ಇಲ್ಲ. ಒಂದು ತಪ್ಪು ಬಿಟ್ಟು ಇನ್ನೊಂದು ತಪ್ಪು ಹಿಡಿಯುವುದು ಬೇಡ.)

ಜೂನ್‌ನಲ್ಲಿ ಶಾಲೆ ಶುರುವಾಯಿತು. ಹಿಂದಿನ ವರ್ಷ ಒಂಬತ್ತರಲ್ಲಿದ್ದವರು ಈಗ ಹತ್ತಕ್ಕೆ ಬಂದಿದ್ದರು. ಹೋಗಿ ಹೇಳಿದೆ, ಹೋದ ವರ್ಷ ಗೋಲ್ಡ್ ಫಿಶ್ ಬಗ್ಗೆ ಹೇಳಿದ್ದು ತಪ್ಪು ಅಂತ. ಹೇಳುವ ಮೊದಲು ಸ್ಟಾಫ್ ರೂಮಿನಲ್ಲಿ ಎರಡು ಸಲ ನೀರು ಕುಡಿದಿದ್ದೆ. ಮಕ್ಕಳು ನಗ್ತಾರೇನೋ ಅಂತ ಹೆದರಿಕೆ. ಯಾರೂ ನಗಲಿಲ್ಲ. ಅರ್ಧ ಜನಕ್ಕೆ ನಾನು ಹೇಳಿದ್ದೇ ನೆನಪಿರಲಿಲ್ಲ! ಚಿನ್ನು ಮುನ್ನು ಕಥೆ ಹೇಳಿ, ನೋಡಿ, ಜಾಗ ಅಲ್ಲ, ನೀರಿನ ಗುಣ ಕಾರಣ ಅಂತ ಮುಗಿಸಿದೆ. ಆಗ ಹಿಂದಿನ ಬೆಂಚಿನ ಒಬ್ಬ ಹುಡುಗ ಎದ್ದ. ಅಂಜನಾಪುರ ಡ್ಯಾಮಿನ ಕಡೆಯವನು, ಮನೆಯಲ್ಲಿ ಮೀನು ಹಿಡಿಯುವವರು, ಪರೀಕ್ಷೆಯಲ್ಲಿ ಮೂವತ್ತೈದು ದಾಟುವುದು ಕಷ್ಟ.

"ಟೀಚರ್, ಅಲ್ಲಿ ನೀರೂ ಬೇರೆ, ಊಟಾನೂ ಬೇರೆ, ಜಾಗಾನೂ ಬೇರೆ. ಮೂರೂ ಬೇರೆ ಇದ್ರೆ ನೀರಿಂದನೇ ದೊಡ್ಡದಾಯ್ತು ಅಂತ ಹೆಂಗೆ ಹೇಳ್ತೀರಿ?"

ಸತ್ಯ ಹೇಳ್ತೀನಿ, ಅಷ್ಟು ವರ್ಷದ ಪಾಠದಲ್ಲಿ ನನಗೆ ಬಂದ ಅತ್ಯಂತ ಒಳ್ಳೆಯ ಪ್ರಶ್ನೆ ಅದು. ಉತ್ತರ ನನ್ನಲ್ಲಿರಲಿಲ್ಲ. ಮುನ್ನು ಸೊಳ್ಳೆ ಮರಿ, ಪಾಚಿ, ತೊಟ್ಟಿಗೆ ಬಿದ್ದ ಅನ್ನದ ಅಗಳು ಎಲ್ಲ ತಿಂದು ಬೆಳೆದದ್ದು. ಚಿನ್ನುಗೆ ದಿನಕ್ಕೆ ಒಂದು ಚಿಟಿಕೆ ಒಣ ಕಾಳು. "ನೀನೇ ಹೇಳು, ಹೇಗೆ ಕಂಡುಹಿಡಿಯೋದು?" ಅಂದೆ. ಅವನು ಸ್ವಲ್ಪ ಹೊತ್ತು ಮೇಲೆ ನೋಡಿ, "ಬೌಲು ಅದೇ ಇರ್ಲಿ, ಊಟ ಅದೇ ಇರ್ಲಿ, ನೀರು ಒಂದು ಬದಲಾಯಿಸಿ ನೋಡ್ಬೇಕು" ಅಂದ.

ಮಾಡಿದೆವು. ಜೂನ್ ಮಧ್ಯದಿಂದ ದಸರಾವರೆಗೆ. ದಿನಾ ಅರ್ಧ ನೀರು ತೆಗೆದು, ಹಿಂದಿನ ದಿನ ಬಕೆಟ್ಟಿನಲ್ಲಿ ಹಿಡಿದು ಬಾಯಿ ತೆರೆದಿಟ್ಟ ನೀರು ಹಾಕುವುದು. ಕಲ್ಲು ಉಜ್ಜುವುದು ಬಂದ್. ಕುತ್ತಿಗೆಯಿಂದ ಕೆಳಕ್ಕೆ, ಬೌಲಿನ ಅಗಲದ ಜಾಗದವರೆಗೆ ಮಾತ್ರ ನೀರು. ಅಮೋನಿಯಾ ಅಳೆಯುವ ಹನಿ ಔಷಧಿಯೊಂದನ್ನು ಆನ್‌ಲೈನಿನಲ್ಲಿ ತರಿಸಿದೆ. ಅಮೋನಿಯಾ ಇಲ್ಲದಿದ್ದರೆ ಹಳದಿ, ಇದ್ದಷ್ಟೂ ಹಸಿರು. ಶುರು ಮಾಡುವ ಮೊದಲು, ವಾರ ಕಳೆದ ಬೌಲಿನ ನೀರಿಗೆ ಹಾಕಿದಾಗ ಬಂದ ಬಣ್ಣ ನೋಡಿ ಮಗಳು "ಅಯ್ಯೋ, ಪುದೀನ ಚಟ್ನಿ!" ಅಂದಳು. ತೊಟ್ಟಿ ನೀರನ್ನು ಬಾಟಲಿಯಲ್ಲಿ ತಂದು ಹಾಕಿದರೆ ನಿಂಬೆಹಣ್ಣಿನ ಹಳದಿ. ಪ್ರತಿ ತಿಂಗಳ ಮೊದಲ ಭಾನುವಾರ ಚಪ್ಪಟೆ ಡಬ್ಬಿಯ ಕೆಳಗೆ ಗ್ರಾಫ್ ಹಾಳೆ ಇಟ್ಟು ಅಳತೆ. ಜುಲೈ 6.2, ಆಗಸ್ಟ್ 6.6, ಸೆಪ್ಟೆಂಬರ್ 7, ಅಕ್ಟೋಬರ್ 7.3. ಹದಿನೆಂಟು ತಿಂಗಳಲ್ಲಿ ಎರಡು ಸೆಂಟಿಮೀಟರ್ ಬೆಳೆದದ್ದು ಇಲ್ಲಿ ನಾಲ್ಕು ತಿಂಗಳೊಳಗೆ ಒಂದು ದಾಟಿತು. ಅದೇ ಬೌಲಿನಲ್ಲಿ. ಒಂದೇ ಮೀನು, ಇದನ್ನು ಪ್ರಯೋಗ ಅಂತ ಹೇಳಿದರೆ ನಿಜವಾದ ವಿಜ್ಞಾನಿಗಳು ನಗ್ತಾರೆ, ಗೊತ್ತು. ಗ್ರಾಫ್ ಹಾಳೆ ಮಾತ್ರ ಈಗಲೂ ಲ್ಯಾಬಿನ ಬೀರುವಿನ ಬಾಗಿಲಿಗೆ ಅಂಟಿಸಿದೆ. ಕೆಳಗೆ ಆ ಹುಡುಗನ ಸಹಿ.

ಹಾಗಂತ ಬೌಲಿನಲ್ಲೇ ಇಡುವ ಮಾತಿಲ್ಲ. ದಿನಾ ನೀರು ಬದಲಾಯಿಸಿ ಬದಲಾಯಿಸಿ ನನ್ನ ಸೊಂಟ ಹೋಗಿತ್ತು. ಒಂದು ಗೋಲ್ಡ್ ಫಿಶ್‌ಗೆ ಕಡಿಮೆ ಅಂದರೂ ಎಪ್ಪತ್ತು ಎಂಬತ್ತು ಲೀಟರ್ ಬೇಕು, ಜೊತೆಗೆ ಫಿಲ್ಟರ್ ಬೇಕು ಅಂತ ಸಾಕುವವರು ಹೇಳ್ತಾರೆ. ನಮ್ಮ ಬಾಡಿಗೆ ಮನೆಯಲ್ಲಿ ಅಷ್ಟು ದೊಡ್ಡದು ಇಡುವ ಜಾಗ ಇಲ್ಲ. ಆ ದಸರಾಕ್ಕೆ ಚಿನ್ನುವೂ ಬಾಟಲಿಯಲ್ಲಿ ಕೂತು ಶಿರಾಳಕೊಪ್ಪ ದಾಟಿತು. ತೊಟ್ಟಿಗೆ ದಿಢೀರ್ ಅಂತ ಸುರಿಯಲಿಲ್ಲ. ಬಾಟಲಿಯನ್ನು ತೊಟ್ಟಿಯಲ್ಲಿ ಅರ್ಧ ಗಂಟೆ ತೇಲಿಸಿ, ಸ್ವಲ್ಪ ಸ್ವಲ್ಪವೇ ತೊಟ್ಟಿ ನೀರು ಬೆರೆಸಿ, ಆಮೇಲೆ ಬಿಟ್ಟೆವು. ಬಿಟ್ಟ ಕೂಡಲೇ ಅದು ಏನು ಮಾಡಿತು ಗೊತ್ತಾ? ಒಂದೇ ಜಾಗದಲ್ಲಿ ಬೌಲಿನಷ್ಟೇ ಸುತ್ತಳತೆಯಲ್ಲಿ ಗಿರಗಿರ ಸುತ್ತಿತು. ಎಷ್ಟೋ ಹೊತ್ತು. ಮಗಳು ಏನೂ ಮಾತಾಡದೆ ನೋಡ್ತಾ ನಿಂತಿದ್ದಳು. ಸಂಜೆಗೆ ಮುನ್ನು ಹಿಂದೆ ಹೋಯಿತು.

ಆಗ ಅಪ್ಪನ ಗೆಳೆಯರೊಬ್ಬರು ಬಂದಿದ್ದರು, ಕೆರೆಗಳ ಮೀನು ಟೆಂಡರ್ ಹಿಡಿಯುವವರು. "ಬೆಳೀತದೆ ಬಿಡಮ್ಮ. ಆಂಧ್ರದವ್ರು ಬೇಕಂತ್ಲೇ ಮರಿಗಳನ್ನ ಒತ್ತೊತ್ತಾಗಿ ಹಾಕಿ, ಕಡಿಮೆ ಮೇವು ಕೊಟ್ಟು ಒಂದು ವರ್ಷ ಕುಗ್ಗಿಸ್ತಾರೆ. ಆಮೇಲೆ ದೊಡ್ಡ ಹೊಂಡಕ್ಕೆ ಬಿಟ್ರೆ ಸೇಡು ತೀರಿಸ್ಕಂಡಂಗೆ ಬೆಳೀತವೆ" ಅಂದರು. ನನಗೆ ನಂಬಿಕೆ ಬರಲಿಲ್ಲ, ಹುಡುಕಿದೆ. ನಿಜವೇ. ಕಾಟ್ಲಾ, ರೋಹು ಸಾಕಣೆಯಲ್ಲಿ ಅದು ಗೊತ್ತಿರುವ ವಿದ್ಯೆ. ಕುಗ್ಗಿದ ಮರಿ ಒಳ್ಳೆ ನೀರು, ಮೇವು ಸಿಕ್ಕಿದಾಗ ಹಿಂದಿನ ಬಾಕಿಯನ್ನೂ ಸೇರಿಸಿ ಬೆಳೆಯುತ್ತೆ. ಮೀನುಗಳು ನಮ್ಮ ಹಾಗೆ ಇಪ್ಪತ್ತಕ್ಕೆ ನಿಲ್ಲುವುದಿಲ್ಲ, ಬದುಕಿರುವವರೆಗೂ ಸ್ವಲ್ಪ ಸ್ವಲ್ಪ ಬೆಳೆಯುತ್ತಲೇ ಇರ್ತವೆ. ಆದರೆ ಅದು ಬೇಕಂತಲೇ ಮಾಡುವ ಹದದ ಕೆಲಸ, ಮೇವು ಕಡಿಮೆ ಅಷ್ಟೇ, ನೀರು ಕೆಟ್ಟದ್ದಲ್ಲ. ನಾನು ಮಾಡಿದ್ದು ಹಾಗಲ್ಲ.

2025ರ ದಸರಾಕ್ಕೆ ಅಳೆದಾಗ ಮುನ್ನು 21, ಚಿನ್ನು 11.5. ಬಾಕಿ ಸ್ವಲ್ಪ ತೀರಿದೆ. ಆದರೆ ಚಿನ್ನುವಿನ ಬೆನ್ನು ಬಾಲದ ಹತ್ತಿರ ಸ್ವಲ್ಪ ಡೊಂಕು. ಸಣ್ಣದಿದ್ದಾಗ ಕಾಣ್ತಿರಲಿಲ್ಲ, ಬೆಳೆದ ಮೇಲೆ ಕಾಣುತ್ತೆ. ಅದು ಹುಟ್ಟಿನಿಂದ ಬಂದದ್ದೂ ಇರಬಹುದು ಅಂತ ನಮ್ಮ ಮನೆಯವರು ಸಮಾಧಾನ ಹೇಳ್ತಾರೆ. ನಾನು ಈಜುವಾಗ ಅದನ್ನೇ ನೋಡ್ತೀನಿ.

ಇನ್ನೊಂದು ಜಗಳ ಬಾಕಿ ಇತ್ತು. "ಇಷ್ಟು ದೊಡ್ಡದಾಗಿದೆ, ಪಾಪ, ಕೆರೆಗೆ ಬಿಡಿ, ಪುಣ್ಯ ಬರ್ತದೆ" ಅಂತ ಅತ್ತಿಗೆ. ಮಗಳಿಗೂ ಆಸೆ, ತೊಟ್ಟಿಯಲ್ಲಿ ಇಷ್ಟಾದರೆ ಕೆರೆಯಲ್ಲಿ ಎಷ್ಟಾಗಬಹುದು! ನನ್ನ ಫೋನಿನಲ್ಲಿ ಇವಳಿಗೆ ಒಂದು ಫೋಟೊ ತೋರಿಸಿದೆ. ಅಮೆರಿಕದ ಮಿನ್ನೆಸೋಟಾದ ಬರ್ನ್ಸ್‌ವಿಲ್ ಅನ್ನುವ ಊರಿನವರು 2021ರಲ್ಲಿ ತಮ್ಮ ಕೆರೆಯಿಂದ ತೆಗೆದ ಫುಟ್ಬಾಲಿನಷ್ಟು ಗೋಲ್ಡ್ ಫಿಶ್‌ಗಳನ್ನು ಕೈಯಲ್ಲಿ ಹಿಡಿದಿರುವುದು. ಯಾರೋ ಪುಣ್ಯಕ್ಕೆ ಬಿಟ್ಟವು. ತಳದ ಕೆಸರು ಕೆದಕಿ, ನೀರಿನ ಗಿಡ ಕಿತ್ತು, ಇಡೀ ಕೆರೆಯ ನೀರನ್ನು ರಾಡಿ ಮಾಡ್ತವೆ, ದಯವಿಟ್ಟು ಬಿಡಬೇಡಿ ಅಂತ ಊರಿನ ಆಡಳಿತವೇ ಜನರನ್ನು ಕೇಳಿಕೊಂಡಿತ್ತು. ನಾನು ಇಷ್ಟೆಲ್ಲ ಹೇಳಿದ ಮೇಲೆ ಅಪ್ಪ ಕವಳ ಉಗಿದು ಬಂದು ಒಂದೇ ಮಾತು ಹೇಳಿದರು. "ಜಿಲೇಬೀನೂ ಯಾರೋ ಹಿಂಗೇ ಬಿಟ್ಟಿದ್ದು." ಅತ್ತಿಗೆ ಸುಮ್ಮನಾದರು.

ಈಗ ತೊಟ್ಟಿಯಿಂದ ಹೆಚ್ಚಾದ ನೀರು ಹೊರಗೆ ಹೋಗುವ ತೂತಿಗೆ ಅಪ್ಪ ಹಳೆಯ ಕೂಣಿಯೊಂದರ ಬಿದಿರು ಸೀಳು ಬಿಚ್ಚಿ ಒತ್ತಾಗಿ ಜಾಲರಿ ಕಟ್ಟಿದ್ದಾರೆ. ಮಳೆಗಾಲದಲ್ಲಿ ತೊಟ್ಟಿ ತುಂಬಿ ಹರಿದರೆ ಆ ನೀರು ತೋಟದ ಕಪ್ಪಿನಿಂದ ಕೆರೆಗೇ ಹೋಗಿ ಸೇರುತ್ತೆ, ಅದಕ್ಕೆ. ಕೊಕ್ಕರೆ ಕಾಟಕ್ಕೆ ಮೇಲೆ ಹಳೇ ಸೊಳ್ಳೆಪರದೆ. ಬಣ್ಣದ ಮೀನು ಸಾರಿಗೂ 'ಆಗಲ್ಲ' ಅಂದ ಮನುಷ್ಯ ಈಗ ಫೋನಿನಲ್ಲಿ ಮೊದಲು ಹೇಳುವುದೇ ಅವುಗಳ ಸುದ್ದಿ. "ನಿನ್ನ ಚಿನ್ನು ಇವತ್ತು ಕೈಯಿಂದ ಅನ್ನ ತಿಂತು ಕಣೆ."

ಬೌಲು ನಮ್ಮ ಮನೆಯಲ್ಲೇ ಇದೆ. ಮಗಳು ಅದರಲ್ಲಿ ಬಣ್ಣದ ಪೆನ್ಸಿಲ್ ಹಾಕಿಟ್ಟಿದ್ದಾಳೆ. ಒಂದು ಕಡೆಯಿಂದ ನೋಡಿದರೆ ಪೆನ್ಸಿಲ್ಲುಗಳು ಇದ್ದಷ್ಟೇ ಕಾಣ್ತವೆ, ಈಗ ನೀರಿಲ್ಲವಲ್ಲ.